ಅಮ್ಮನ ಬೇವಿನ ಕುರ್ಚಿ

ಮೊನ್ನೆ ಶಿಡ್ಲಘಟ್ಟದ ಬಸ್ಸಿಗೆ ಕಾಯುತ್ತ ಸಾಮಿಲ್ಲಿನ ಪಕ್ಕ ನಿಂತಿದ್ದೆ. ಬೇವಿನ ಹೊಟ್ಟಿನ ಕಹಿ ವಾಸನೆ ಮೂಗಿಗೆ ಬಡಿಯಿತು ನೋಡಿ, ಬಸ್ಸು ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ. ನಾನು ಕೈಯಾರೆ ಮಾಡಿದ ಮೊದಲ ಕುರ್ಚಿ ಬೇವಿನದೇ.

ಎಂಬತ್ತರ ದಶಕದ ಮಾತು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ಮುಂದೆ ಬಗ್ಗಿ ಕೂತು ರೇಷ್ಮೆಗೂಡು ಬಿಡಿಸಿ ಬಿಡಿಸಿ ಅಮ್ಮನ ಸೊಂಟ ಹಿಡಿದುಹೋಗಿತ್ತು. ಇನ್ನು ಮೇಲೆ ಒರಗಿಯೇ ಕೂರಬೇಕೆಂದು ಚಿಂತಾಮಣಿಯ ಡಾಕ್ಟರು ಹೇಳಿದರು. ಮನೆಯಲ್ಲಿ ಕಬ್ಬಿಣದ ಕುರ್ಚಿಗಳೇನೋ ಇದ್ದವು. ಆದರೆ ಅಜ್ಜಿ, ಅಂದರೆ ಅಮ್ಮನ ಅತ್ತೆ, ನೆಲ ಬಿಟ್ಟು ಕೂತವಳಲ್ಲ.

"ಅತ್ತೆ ಕೆಳಗಿರೋವಾಗ ನಾನು ಕುರ್ಚಿ ಮೇಲಾ? ಬಿಡ್ತು ಅನ್ನೋ!" ಎಂದು ಅಮ್ಮ ನನ್ನ ಬಾಯಿ ಮುಚ್ಚಿಸಿದಳು.

ಮಗನೇ ಮಾಡಿಕೊಟ್ಟರೆ ಹೇಗೆ ಒಲ್ಲೆ ಅಂತಾಳೋ ನೋಡೇಬಿಡೋಣ ಎಂದು ನನಗೆ ಹಠ. ತಾಲ್ಲೂಕು ಕಚೇರಿಯಲ್ಲಿ ಪೆನ್ನು ಹಿಡಿದ ಕೈ. ಉಳಿ ಹಿಡಿದದ್ದೇ ಹೊಸತು. ಹಿತ್ತಲಲ್ಲಿ ಬಿದ್ದಿದ್ದ ಬೇವಿನ ಮರ ಕೊಯ್ಯಿಸಿ, ಒಣಗಿಸಿ, ಭಾನುವಾರಗಳನ್ನೆಲ್ಲ ಅದಕ್ಕೇ ಸುರಿದೆ. ಕುರ್ಚಿ ನಿಂತಿತು, ಆದರೆ ಕುಂಟುತ್ತ. ಒಂದು ಕಾಲು ಕೊಯ್ದರೆ ಇನ್ನೊಂದು ಎತ್ತರ, ಅದನ್ನು ಕೊಯ್ದರೆ ಮತ್ತೊಂದು. ಅಲುಗಾಟ ನಿಲ್ಲುವ ಹೊತ್ತಿಗೆ ಉಳಿದದ್ದು ಗೇಣುದ್ದದ ಕಾಲು.

"ಇದು ಕುರ್ಚಿನಾ, ಕುರ್ಚಿ ಮರೀನಾ?" ಎಂದು ಅಪ್ಪ ಬಿದ್ದೂ ಬಿದ್ದೂ ನಕ್ಕರು.

ಅಜ್ಜಿ ಮಾತ್ರ ನಗಲಿಲ್ಲ. ಹತ್ತಿರ ಬಂದು ಕಾಲಿಗೆ ಗೇಣು ಹಾಕಿ ನೋಡಿದಳು, ಬೆನ್ನಿನ ಹಲಗೆ ತಟ್ಟಿದಳು. ಕೋಪ ಬಂದರೆ ಅವಳ ಬಾಯಲ್ಲಿ ತೆಲುಗು, ಖುಷಿಯಾದರೆ ಕನ್ನಡ. ಯಾವುದು ಹೊರಡುತ್ತದೋ ಎಂದು ಅವಳ ಬಾಯನ್ನೇ ನೋಡಿದೆ.

"ಇದು ಕುರ್ಚಿ ಅಲ್ಲ ಕಣೇ, ಮಣೆ. ಬೆನ್ನಿರೋ ಮಣೆ. ಕೂತ್ಕೋ, ತಪ್ಪಿಲ್ಲ," ಎಂದಳು ಸೊಸೆಗೆ.

ಅಮ್ಮ ಹಿಂಜರಿಯುತ್ತ ಕೂತಳು. ಒರಗಿದಳು. "ಅಯ್ಯಪ್ಪಾ..." ಎಂದು ಕಣ್ಣು ಮುಚ್ಚಿದಳು. ನನ್ನ ಹೆಮ್ಮೆ ಏನು ಕೇಳುತ್ತೀರಿ, ಅಂಗಿಯ ಗುಂಡಿ ಕಿತ್ತುಹೋಗದೆ ಉಳಿದದ್ದೇ ಹೆಚ್ಚು!

ಸ್ವಲ್ಪ ದಿನ ಕಳೆದು ಅಜ್ಜಿ ನನ್ನನ್ನು ಕರೆದಳು. "ನಂಗೂ ಒಂದು ಮಾಡ್ಕೊಡಪ್ಪ. ಅವಳದಕ್ಕಿಂತ ಒಂದು ಕೂದಲೆಳೇನೂ ಎತ್ತರ ಬೇಡ."

ಮಾಡಿದೆ. ಆಮೇಲೆ ಅತ್ತೆ ಸೊಸೆ ಅಕ್ಕಪಕ್ಕ ಒರಗಿ ಕೂತು, ಗೂಡು ಬಿಡಿಸುತ್ತ, ಊರ ಸುದ್ದಿಯನ್ನೆಲ್ಲ ಮಾತಾಡುತ್ತಿದ್ದರು. ಅಮ್ಮ ಅಜ್ಜಿಯ ಮುಂದೆ ಜೋರಾಗಿ ನಕ್ಕದ್ದನ್ನು ನಾನು ಕೇಳಿದ್ದೂ ಆಗಲೇ.

ಮುಂದಿನ ಬಸ್ಸು ಹತ್ತಿದೆ. ಪಕ್ಕದ ಸೀಟಿನವರು, "ಏನು ಕೆಲಸದಲ್ಲಿದ್ರಿ ಸ್ವಾಮಿ?" ಎಂದು ಕೇಳಿದರು. ಇಷ್ಟು ವರ್ಷವೂ ತಾಲ್ಲೂಕು ಕಚೇರಿ ಎಂದೇ ಹೇಳಿಕೊಂಡು ಬಂದವನು ನಾನು.

"ಎರಡು ಕುರ್ಚಿ ಮಾಡಿದೀನಿ," ಎಂದೆ. "ನಮ್ಮಮ್ಮನಿಗೊಂದು, ನಮ್ಮಮ್ಮನ ಅತ್ತೆಗೊಂದು. ಎರಡೂ ಒಂದೇ ಎತ್ತರ."