ಸಾಕ್ಷಿ ದಿಬ್ಬದ ಮೇಲಿನ ಹುಲ್ಲು

ಮಿರ್ಚಿ ಭಜಿಯ ವಾಸನೆ ನನಗೆ ಈಗ ಆಗಿಬರುವುದಿಲ್ಲ. ಮೈಲೂರಿನ ನಮ್ಮ ಓಣಿಯ ಮೂಲೆಯಲ್ಲಿ ಸಂಜೆ ನಾಲ್ಕಕ್ಕೆ ಭಜಿ ಗಾಡಿ ಬಂದು ನಿಲ್ಲುತ್ತದೆ. ಎಣ್ಣೆ ಕಾಯುವ ಹೊತ್ತಿಗೆ ನಾನು ಕಿಟಕಿ ಮುಚ್ಚಿರುತ್ತೇನೆ. "ಮದಲ ನೀನೇ ಪ್ಲೇಟ್ ಮ್ಯಾಲ ಪ್ಲೇಟ್ ತಿಂತಿದ್ದಿ, ಈಗ ಏನಾತು ನಿನಗ?" ಎಂದು ನನ್ನ ಯಜಮಾನರು ನಗುತ್ತಾರೆ. ಏನಾಯಿತು ಎಂದು ಅವರಿಗೂ ಪೂರ್ತಿ ಹೇಳಿಲ್ಲ.

ನಾನು ಸರಕಾರದ ಭೂವಿಜ್ಞಾನಿ. ಸರಕಾರಿ ನೆಲದಲ್ಲಿ ಯಾರು ಎಷ್ಟು ಅಗೆದಿದ್ದಾರೆ, ಅಪ್ಪಣೆ ಎಷ್ಟಕ್ಕಿತ್ತು ಎಂದು ಹೋಗಿ ನೋಡಿ, ಅಳೆದು, ಬರೆಯುವುದು ನನ್ನ ಕೆಲಸ. ಮದುವೆಮನೆಗಳಲ್ಲಿ ಸಿಕ್ಕ ನೆಂಟರು ನಮ್ಮ ಜಿಲ್ಲೆಯಲ್ಲಿ ಬಂಗಾರ ಎಲ್ಲಿದೆ ಎಂದು ದನಿ ತಗ್ಗಿಸಿ ಕೇಳುತ್ತಾರೆ. ನಾನು ನೋಡುವುದು ಮುರುಮು, ಅಂದರೆ ರಸ್ತೆಗೆ ಹಾಸುವ ಗರಸು ಮಣ್ಣು. ಚೂಡಿದಾರದ ಅಂಚಿನಲ್ಲಿ, ಕಿವಿಯ ಸಂದಿಯಲ್ಲಿ, ರೊಟ್ಟಿ ಡಬ್ಬಿಯ ಮುಚ್ಚಳದ ತಿರುವಿನಲ್ಲಿ ಅದೇ ಕೆಂಪು. ಬಿಳಿ ದುಪಟ್ಟಾ ಹಾಕಿಕೊಳ್ಳುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು.

ಮುರುಮು ತೆಗೆಯುವ ಗುಂಡಿಯ ನಡುವೆ ಒಂದು ದಿಬ್ಬ ಉಳಿಸುವ ರೂಢಿ ಇದೆ. ಸುತ್ತಲಿನ ಮಣ್ಣೆಲ್ಲ ಹೋದರೂ ಅದೊಂದನ್ನು ಮುಟ್ಟಬಾರದು. ಮೊದಲು ನೆಲ ಎಷ್ಟು ಎತ್ತರದಲ್ಲಿತ್ತು ಎಂಬುದಕ್ಕೆ ಅದೇ ಗುರುತು, ಅದಕ್ಕೇ ಅದು ಸಾಕ್ಷಿ ದಿಬ್ಬ. ಅದರ ನೆತ್ತಿಯ ಮೇಲೆ ಹಳೆಯ ಹುಲ್ಲು ಹಾಗೆಯೇ ಇರಬೇಕು. ನೆತ್ತಿಯಿಂದ ತಳದವರೆಗೆ ಟೇಪು ಬಿಟ್ಟರೆ ಆಳ ಗೊತ್ತಾಯಿತು. ಸಲಿಕೆ, ಬುಟ್ಟಿ ಹಿಡಿದು ಅಗೆಯುವವರ ಕಾಲದಿಂದ ಬಂದ ರೂಢಿ, ಈಗ ಜೆಸಿಬಿ ಬಂದ ಮೇಲೂ ನಡೆದಿದೆ. ದಿಬ್ಬ ನಿಂತಿದ್ದರೆ ನಾವು ಬೇರೆ ಏನನ್ನೂ ಕೇಳುವುದಿಲ್ಲ.

ಎರಡು ವರ್ಷದ ಹಿಂದೆ ಔರಾದ್ ಕಡೆಯ ಒಂದು ಊರಿಗೆ ಹೋಗಬೇಕಾಯಿತು. ಅಲ್ಲಿನ ಗಾಯರಾಣದಲ್ಲಿ, ಅಂದರೆ ಊರ ದನಕುರಿ ಮೇಯಲು ಬಿಟ್ಟ ಸರಕಾರಿ ಜಾಗದಲ್ಲಿ, ಒಬ್ಬ ಗುತ್ತೇದಾರ ಮುರುಮು ತೆಗೆಯುತ್ತಿದ್ದ. ಆರು ಮೀಟರ್ ಆಳದವರೆಗೆ ಅಪ್ಪಣೆ. ಅದನ್ನು ಮೀರಿರದಿದ್ದರೆ ಪಕ್ಕದಲ್ಲಿ ಉಳಿದ ಅರ್ಧ ಇಳಿಜಾರೂ ಅವನಿಗೇ ಸಿಗುತ್ತದೆ. ಮೀರಿದ್ದರೆ ಅಪ್ಪಣೆ ಅಲ್ಲಿಗೆ ಮುಗಿಯಿತು. ಕಡತದಲ್ಲಿ ಆ ಊರಿನ ಒಬ್ಬ ಕುರಿಗಾರ ಮುದುಕಿಯ ತಕರಾರು ಅರ್ಜಿಯೂ ಇತ್ತು. ಅರ್ಧ ಗಾಯರಾಣ ಗುಂಡಿಗೆ ಹೋಗಿದೆ, ಉಳಿದದ್ದೂ ಹೋದರೆ ಕುರಿ ಮಾರಿಬಿಡಬೇಕು, ಮೇಯಿಸಲು ಬೇರೆ ನೆಲ ಇಲ್ಲ ಎಂದು ಯಾರ ಕೈಲೋ ಬರೆಸಿ ಹೆಬ್ಬೆಟ್ಟು ಒತ್ತಿದ್ದಳು.

ಜನವಾಡ ದಾಟಿ ನಾವು ಅಲ್ಲಿಗೆ ಮುಟ್ಟಿದಾಗ ಹನ್ನೊಂದು ಗಂಟೆ. ನಮ್ಮ ಜೀಪಿನ ಡ್ರೈವರ್ ಚಾಚಾ ಗಾಡಿ ನಿಲ್ಲಿಸುವ ಮೊದಲೇ ಗುತ್ತೇದಾರನ ಮುನ್ಷಿ ಓಡಿ ಬಂದ. ಹಿಂದೆ ಅವನ ಆಳಿನ ಕೈಯಲ್ಲಿ ಪೇಪರಿನಲ್ಲಿ ಕಟ್ಟಿದ ಭಜಿ, ಥರ್ಮಾಸಿನಲ್ಲಿ ಚಹಾ, ನನಗೆಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ಮೇಲೊಂದು ಟವೆಲ್ಲು.

"ಬರ್ರಿ ಮೇಡಮ್, ಮದಲ ನಾಷ್ಟಾ ಆಗ್ಲಿ. ಗುಂಡಿ ಎಲ್ಲಿಗಿ ಓಡಿ ಹೋಗ್ತದ್ರಿ?"

"ಅಳತಿ ಆಗ್ಲಿ, ಆಮ್ಯಾಲ ನೋಡೂಣ."

"ಅಳತಿ ಏನ್ರಿ, ಅಕೋ ನೋಡ್ರಿ, ಸಾಕ್ಷಿ ಹ್ಯಾಂಗ ನಿಂತದ. ಹಸರ ಟೊಪಿಗಿ ಹಾಕೊಂಡು, ನೌಶಾ ನಿಂತಂಗ!"

ನೌಶಾ ಅಂದರೆ ಮದುಮಗ. ಚಾಚಾ ನಕ್ಕ, ನಾನೂ ನಕ್ಕೆ. ಬಿಸಿಲಿತ್ತು. ಮುನ್ಷಿಯ ಆಳು ಟೇಪಿನ ತುದಿಯನ್ನು ಉದ್ದ ಗಳಕ್ಕೆ ಕಟ್ಟಿ ದಿಬ್ಬದ ನೆತ್ತಿಗೆ ಹಿಡಿದ, ನಾನು ತಳದಲ್ಲಿ ಓದಿದೆ. ಐದೂವರೆ ಮೀಟರ್. ಪುಸ್ತಕದಲ್ಲಿ ಬರೆದುಕೊಂಡೆ. ಆಮೇಲೆ ಕುರ್ಚಿಯಲ್ಲಿ ಕೂತು ಮೂರು ಭಜಿ ತಿಂದೆ. ಮೂರೇ ಎಂದು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ನಾಲ್ಕನೆಯದನ್ನು ಕೈಯಲ್ಲಿ ಹಿಡಿದಿದ್ದಾಗ ಆ ಮುದುಕಿ ದಂಡೆಯ ಮೇಲೆ ಬಂದು ನಿಂತಳು. ಹೆಗಲ ಮೇಲೆ ಕಂಬಳಿ, ಹಿಂದೆ ಕುರಿಗಳು.

"ಆತೇನ್ರಿ ಬಾಯಾರ ಅಳತಿ?"

"ಆತು ಆಯಿ. ಬರೋಬರಿ ಅದ."

"ಬರೋಬರಿ?" ಮುದುಕಿ ನನ್ನ ಕೈಯ ಭಜಿ ನೋಡಿದಳು. "ಒಂದು ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಆ ದಿಬ್ಬದ ಮ್ಯಾಗಿನ ಹುಲ್ಲ ಯಾರ ಕುರಿ ಮೇಯ್ದಾವ್ರಿ?"

ಮುನ್ಷಿ ಎದ್ದ. "ಏ ಮುದಿಕಿ, ನಡಿ ಅತ್ಲಾಗ. ಸರಕಾರಿ ಕೆಲಸ ನಡದದ."

"ನಿನಗ ಕೇಳಿಲ್ಲ ನಾ. ಬಾಯಾರಿಗಿ ಕೇಳೀನಿ. ಹುಲ್ಲು ನೋಡ್ರಿ, ಕುರಿ ಹಲ್ಲಿಂದ ಕಡದಂಗ ಗಿಡ್ಡ ಅದ. ಈ ಇಳಿಜಾರಿನ್ಯಾಗ ಕುರಿ ಮೇಯ್ದಿದ್ದೆಲ್ಲಾ ಹಿಂಗೇ ಗಿಡ್ಡ. ಅಷ್ಟು ಎತ್ತರ ಕುರಿ ಹ್ಯಾಂಗ ಹತ್ತಿದ್ವು? ರೆಕ್ಕಿ ಬಂದಾವೇನ್ರಿ?"

ಮೂರಾಳೆತ್ತರದ ದಿಬ್ಬ, ನಾಲ್ಕೂ ಕಡೆ ಗೋಡೆಯಂತೆ ಕಡಿದದ್ದು. ಅದರ ಮೇಲೆ ಯಾವ ಕುರಿಯೂ ಬಾಯಿ ಹಾಕಲಾರದು. ಹುಲ್ಲು ಮೊಣಕಾಲೆತ್ತರ ಬೆಳೆದು ಒಣಗಿ ಬಾಗಿರಬೇಕಿತ್ತು. ಅದು ಮಾತ್ರ ಮೊನ್ನೆ ಕ್ಷೌರ ಮಾಡಿಸಿದ ತಲೆಯಂತೆ ಚೊಕ್ಕವಾಗಿತ್ತು. ನಾನು ಅದನ್ನು ನೋಡಿದ್ದೆ. ನೋಡಿ, ಹಸಿರಿದೆ, ಸರಿ ಎಂದುಕೊಂಡು ಕುರ್ಚಿಗೆ ಬಂದಿದ್ದೆ.

ಕೈಯ ಭಜಿಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಪೇಪರಿನ ಮೇಲೆ ವಾಪಸ್ಸಿಟ್ಟೆ. ಬೆರಳೆಲ್ಲ ಎಣ್ಣೆ.

"ಚಾಚಾ, ಊರಾಗ ನಿಚ್ಚಣಿಕಿ ಸಿಗ್ತದೇನು?"

"ಸಿಗ್ತದ ಮೇಡಮ್. ಒಂದು ಸಾಲಂಗಿಲ್ಲ, ಎರಡು ಕಟ್ಟಿ ತರ್ತೇನಿ."

"ಯಾಕ್ರಿ ಮೇಡಮ್ ಇದೆಲ್ಲಾ? ಬಿದ್ದು ಗಿದ್ದೀರಿ," ಎಂದ ಮುನ್ಷಿ. ಅವನ ನಗು ಇನ್ನೂ ಮುಖದ ಮೇಲಿತ್ತು, ಒಣಗಿತ್ತು ಅಷ್ಟೆ.

ನಿಚ್ಚಣಿಕೆ ಬರುವಷ್ಟರಲ್ಲಿ ಮುನ್ಷಿ ನಾಲ್ಕು ಸಲ ಫೋನು ಮಾಡಿದ. ಮೊದಲು ಚಾಚಾ ಹತ್ತಿದ. ನೆತ್ತಿಗೆ ಕೈ ಹಾಕಿ ಹುಲ್ಲು ಹಿಡಿದವನು ಕೂಗಿದ, "ಯಾ ಅಲ್ಲಾ! ಮೇಡಮ್, ನೌಶಾನ ಟೊಪಿಗಿ ಕೈಗೇ ಬಂತ್ರಿ!"

ನಾನೂ ಹತ್ತಿದೆ. ಮೊಣಕಾಲು ನೋಯುತ್ತಿತ್ತು, ಆದರೂ ನನ್ನ ಕಣ್ಣಿಂದ ನೋಡಬೇಕಿತ್ತು. ಹಂಚಿನ ಮೇಲಿನ ರೊಟ್ಟಿ ಎದ್ದಂತೆ ಹುಲ್ಲಿನ ಹೆಂಟೆ ಇಡಿಯಾಗಿ ಎದ್ದು ಬಂತು. ಕೆಳಗೆ ಬೇರಿಲ್ಲ. ಬೋಳು ಮುರುಮು, ಅದರ ಮೇಲೆ ಜೆಸಿಬಿ ಬಕೆಟ್ಟಿನ ಹಲ್ಲಿನ ಗೀರುಗಳು. ಆಳ ಕಡಿಮೆ ತೋರಲೆಂದು ದಿಬ್ಬದ ತಲೆ ಕಡಿದು, ಇಳಿಜಾರಿನಿಂದ ಹುಲ್ಲು ಕಿತ್ತು ತಂದು ಮೆತ್ತಿ, ನೀರು ಹಾಕಿದ್ದರು. ಕುರಿ ಮೇಯ್ದ ಹುಲ್ಲೆಂಬುದು ಕಿತ್ತವರಿಗೆ ಹೊಳೆದಿರಲಿಲ್ಲ. ಮಣ್ಣಿನ ಲೆಕ್ಕ ಬಲ್ಲವರು, ಕುರಿಯ ಹಿಂದೆ ನಡೆದವರಲ್ಲ.

ಕೆಳಗಿಳಿದು ಚಾಚಾನೊಂದಿಗೆ ಗುಂಡಿಯ ಅಡ್ಡಕ್ಕೆ ಹಗ್ಗ ಎಳೆದೆ. ಇಳಿಜಾರಾದ್ದರಿಂದ ಒಂದು ದಂಡೆ ಎತ್ತರ, ಒಂದು ತಗ್ಗು. ತಗ್ಗಿನ ದಂಡೆಯ ಮೇಲೆ ಬೇಕೆಂತಲೇ ಮಣ್ಣು ಸುರಿದಿದ್ದರು. ಅದನ್ನು ಸರಿಸಿ, ಹಳೆಯ ನೆಲ ಹುಡುಕಿ, ಗೂಟ ಹೊಡೆದು ಬಿಗಿ ಮಾಡಿದಾಗ ಹಗ್ಗ ದಿಬ್ಬದ ನೆತ್ತಿಗಿಂತ ಒಂದಾಳು ಮೇಲೆ ಹಾದುಹೋಯಿತು. ಆಳ ಏಳು ಮೀಟರ್ ದಾಟಿತ್ತು. ಹೀಗೆ ಹಗ್ಗ ಕಟ್ಟುವುದು ಅರ್ಧ ಗಂಟೆಯ ಕೆಲಸ. ದಿಬ್ಬ ಇದ್ದಲ್ಲಿ ನಾವು ಕಟ್ಟುವುದಿಲ್ಲ, ಅಷ್ಟೇ.

ಒಂದು ಹೆಂಟೆ ಹುಲ್ಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು, ಪುಸ್ತಕದಲ್ಲಿ ಐದೂವರೆಯ ಮೇಲೆ ಗೆರೆ ಎಳೆದು, ಹಗ್ಗದ ಅಳತೆ ಬರೆದು ಸಹಿ ಮಾಡಿದೆ.

ಮಾರನೆಯ ದಿನ ನಮ್ಮ ಕಚೇರಿಯ ಸಾಹೇಬರ ಮುಂದೆ ಚೀಲ ಇಟ್ಟೆ. ಸಾಹೇಬರಿಗೆ ಮೊದಲೇ ಫೋನು ಬಂದಿತ್ತೆಂದು ಅವರು ಚೀಲದ ಕಡೆ ನೋಡದ್ದರಿಂದಲೇ ಗೊತ್ತಾಯಿತು.

"ಹುಲ್ಲಿನ ಮ್ಯಾಲ ವರದಿ ಬರೀತೀರೇನ್ರಿ ಮೇಡಮ್? ನೀವು ಕಲ್ಲು ಓದಿದವರೋ, ದನದ ಡಾಕ್ಟರೋ?"

"ಅಳದೀನ್ರಿ ಸರ್. ಏಳು ದಾಟ್ಯದ."

"ಹಗ್ಗದ ಅಳತಿ ಯಾರು ಕೇಳ್ಯಾರ್ರಿ? ದಿಬ್ಬದ ಪ್ರಕಾರ ಎಷ್ಟದ, ಅಷ್ಟು ಬರೀರಿ. ದಿಬ್ಬದ ಪ್ರಕಾರ ಐದೂವರಿ, ಹೌದಿಲ್ಲೋ? ಸುಳ್ಳ ಬರೀರಿ ಅಂತ ನಾ ಹೇಳ್ಲತ್ತಿಲ್ಲ."

ಚಹಾ ತರಿಸಿದರು. ನನ್ನ ಮಗಳ ಪರೀಕ್ಷೆ ಹೇಗಾಯಿತೆಂದು ಕೇಳಿದರು. ಒಳ್ಳೆಯ ಮಾತಿನ ಮನುಷ್ಯ. ಹಬ್ಬಕ್ಕೆ ಎಲ್ಲರ ಮನೆಗೂ ಕರೆಯದೆಯೇ ಬಂದು ಶುಭಾಶಯ ಹೇಳಿ ಹೋಗುವವರು. ಆ ಚಹಾ ಅಲ್ಲಿಯೇ ಬಿಟ್ಟು ಚೀಲ ಎತ್ತಿಕೊಂಡು ಬಂದೆ.

ದಿಬ್ಬದ ಪ್ರಕಾರ ಎಂಬ ಎರಡು ಶಬ್ದಗಳನ್ನು ನಾನು ಅದಕ್ಕೂ ಮೊದಲು ಬರೆದಿದ್ದೆ. ಭಾಲ್ಕಿ ತಾಲ್ಲೂಕಿನಲ್ಲಿ, ಖಟಕ ಚಿಂಚೋಳಿಯ ಕಡೆ ಒಂದು ಗುಂಡಿ. ಅಂದೂ ಬಿಸಿಲಿತ್ತು, ಅಂದೂ ಭಜಿ ಇತ್ತು, ದಿಬ್ಬ ದೂರದಿಂದ ಹಸಿರಾಗಿ ಕಂಡಿತ್ತು. ಗುಂಡಿಗೆ ಇಳಿಯದೆಯೇ, ಅವರ ಆಳು ಹೇಳಿದ ಅಂಕಿ ಬರೆದುಕೊಂಡು ಬಂದಿದ್ದೆ. ಆ ದಿಬ್ಬದ ಹುಲ್ಲು ಅಲ್ಲಿಯೇ ಬೆಳೆದದ್ದೋ, ಯಾರೋ ತಂದು ಮೆತ್ತಿದ್ದೋ, ನನಗೆ ಗೊತ್ತಿಲ್ಲ. ಇನ್ನು ಗೊತ್ತಾಗುವಂತೆಯೂ ಇಲ್ಲ. ಅಲ್ಲಿ ಈಗ ಗುಡ್ಡವೇ ಇಲ್ಲ, ದಿಬ್ಬವನ್ನೂ ಲಾರಿಗೆ ತುಂಬಿದ್ದಾರೆ. ಬಸ್ಸಿನಲ್ಲಿ ಆ ದಾರಿ ಹೋಗುವಾಗ ನಾನು ಆಚೆ ಬದಿಯ ಕಿಟಕಿ ನೋಡಿ ಕೂರುತ್ತೇನೆ.

ಸಾಹೇಬರನ್ನು ಕಂಡ ದಿನ ಸಂಜೆ ಮನೆಗೆ ಹೋಗಿ, ಪುಂಡಿ ಪಲ್ಯ ಒಲೆಯ ಮೇಲಿಟ್ಟು, ಅಡುಗೆಮನೆಯ ಕಟ್ಟೆಯ ಮೇಲೆಯೇ ವರದಿ ಬರೆದೆ. ದಿಬ್ಬದ ತಲೆ ಕಡಿಯಲಾಗಿದೆ, ಬೇರೆ ಕಡೆಯ ಹುಲ್ಲು ಹೊದಿಸಲಾಗಿದೆ, ಆದ್ದರಿಂದ ದಿಬ್ಬದ ಪ್ರಕಾರ ಅಳೆಯಲು ಬರುವುದಿಲ್ಲ, ಹಗ್ಗದ ಅಳತೆ ಇಷ್ಟು. ಹುಲ್ಲಿನ ಚೀಲಕ್ಕೆ ಕಲ್ಲಿನ ಮಾದರಿಗೆ ಅಂಟಿಸುವ ಚೀಟಿಯನ್ನೇ ಅಂಟಿಸಿ, ಒಂದು ಪ್ರತಿಯನ್ನು ಮುದುಕಿಯ ಅರ್ಜಿಗೆ ಉತ್ತರವೆಂದು ತಹಶೀಲಿಗೂ ಕಳಿಸಿದೆ. ತಹಶೀಲಿನ ಸೀಲು ಬಿದ್ದ ಕಾಗದವನ್ನು ತಿದ್ದುವಂತಿರಲಿಲ್ಲ. ಸಾಹೇಬರು ಆಮೇಲೆ ಹಬ್ಬಕ್ಕೆ ನಮ್ಮ ಮನೆಗೆ ಬರಲಿಲ್ಲ. ಮೂರು ತಿಂಗಳ ಮೇಲೆ ಗುತ್ತೇದಾರನ ಅಪ್ಪಣೆ ರದ್ದಾಯಿತು. ಅವನು ಯಂತ್ರಗಳನ್ನು ಏರಿಸಿಕೊಂಡು ಬೇರೆ ತಾಲ್ಲೂಕಿಗೆ ಹೋದ.

ರದ್ದತಿಯ ಪ್ರತಿ ಕೊಡಲು ನಾನೇ ಹೋದೆ. ಮಳೆ ಬಿದ್ದಿತ್ತು, ಉಳಿದ ಅರ್ಧ ಇಳಿಜಾರು ಹಸಿರಾಗಿತ್ತು, ಗುಂಡಿಯಲ್ಲಿ ಚಹಾದ ಬಣ್ಣದ ನೀರು. ಮುದುಕಿ ಕಾಗದ ತಿರುವಿ ನೋಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹಂಗಾರ ಉಳಿದಿದ್ದು ಅಗಿಯಂಗಿಲ್ಲ?"

"ಇಲ್ಲ ಆಯಿ. ಇನ್ನ ಕುರಿ ಮಾರೂದು ಬ್ಯಾಡ."

"ಮತ್ತ ಈ ಗುಂಡಿ? ಇದು ಯಾರು ತುಂಬ್ತಾರ್ರಿ?"

ತುಂಬಬೇಕಾದವನು ಗುತ್ತೇದಾರ. ಅವನಿಗೆ ನೋಟಿಸು ಹೋಗಿದೆ, ಅದು ವಿಳಾಸದಾರ ಸಿಗದೆ ವಾಪಸ್ಸೂ ಬಂದಿದೆ. ಅದನ್ನು ಆಯಿಗೆ ಹೇಳಲಿಲ್ಲ. "ಬರದು ಹಾಕೀನಿ," ಎಂದೆ.

"ಬರೀರಿ ಬರೀರಿ. ಹೋದ ಸಲ ನೀವು ಭಜಿ ತಿನ್ಲತ್ತಿದ್ರಿ, ನಾ ನೋಡ್ಲತ್ತಿದ್ದೆ. ಇವರೂ ಅವರ ಕಡೀಗೇ ಹೋದ್ರು, ಇನ್ನ ನನ್ನ ಇಳಿಜಾರೂ ಹೋತು ಅಂದ್ಕೊಂಡೆ. ಆಮ್ಯಾಲ ನಿಚ್ಚಣಿಕಿ ಬಂತು." ನಕ್ಕಳು. "ಸ್ವಲ್ಪ ತಡ ಆತು, ಆದ್ರ ಬಂತು."

ಅಷ್ಟರಲ್ಲಿ ಒಂದು ಟಗರು ಗುಂಡಿಯ ಅಂಚಿಗೆ ಹೋಗಿ ಕತ್ತು ಚಾಚಿ ಕೆಳಗೆ ನೋಡತೊಡಗಿತು. ಅಂಚಿಗೆ ಬೇಲಿಯಿಲ್ಲ, ಕಲ್ಲಿಲ್ಲ. ಮುದುಕಿ ಹಾ ಹಾ ಎಂದು ಕೂಗುತ್ತಾ ಕೋಲು ಹಿಡಿದು ಓಡಿದಳು. ಅದನ್ನು ತಿರುಗಿಸುವಷ್ಟರಲ್ಲಿ ಮತ್ತೆರಡು ಅತ್ತ ಹೋದವು. ನಾನೂ ದುಪಟ್ಟಾ ಸೊಂಟಕ್ಕೆ ಕಟ್ಟಿ ಆ ಕಡೆಯ ಅಂಚಿಗೆ ನಿಂತೆ. ಚಾಚಾ ಹಾರ್ನ್ ಹೊಡೆಯುವವರೆಗೆ ಇಬ್ಬರೂ ಕುರಿ ತಿರುಗಿಸುತ್ತಲೇ ಇದ್ದೆವು.