ಅವ್ವ ಒರೆಸದ ಕುಂಕುಮ

ನಮ್ಮ ಅವ್ವ ತನ್ನ ಆತ್ಮದ ರಕ್ಷಣೆ ಕೈತಪ್ಪಿ ಹೋಯಿತು ಎಂದು ನಂಬಿಕೊಂಡೇ ಕಡೆಯ ಎರಡು ವರ್ಷ ಬದುಕಿದಳು. ಹೋಗಿಲ್ಲ ಎಂದು ಅಪ್ಪ ಹೇಳಿದ, ನಾನು ಹೇಳಿದೆ, ಕಡೆಗೆ ಸಭೆಯ ಪಾದ್ರಿ ಅಯ್ಯನವರೇ ಮನೆಗೆ ಬಂದು ಹೇಳಿದರು. ಅವ್ವ ಹಟಮಾರಿ. ಆ ಹಟ ನನಗೂ ಒಂದಿಷ್ಟು ಬಂದಿದೆ, ಅದಕ್ಕೇ ಇದನ್ನು ನೆನೆದರೆ ನನಗೆ ಅಳುವಿಗಿಂತ ಮೊದಲು ಸಿಟ್ಟು ಬರುತ್ತದೆ.

ನಾವು ಬೆಟಗೇರಿಯ ನೇಕಾರರು. ಮಿಶನ್ನಿನವರ ಮಗ್ಗದ ಕಾರ್ಖಾನೆಗೆ ಕೆಲಸಕ್ಕೆ ಸೇರಿದ ಅಪ್ಪ ಅಲ್ಲಿನ ಮಾತು ಕೇಳಿ ಕ್ರೈಸ್ತನಾದ. ಅವ್ವನೂ ಅವನ ಜೊತೆಗೇ ದೀಕ್ಷಾಸ್ನಾನ ತೆಗೆದುಕೊಂಡಳು. ಗಂಡ ಹೋದ ಕಡೆ ಹೆಂಡತಿ ಹೋದಳು ಎಂದು ಜನ ಆಡಿಕೊಂಡರಂತೆ. ಆಡಿಕೊಂಡವರಿಗೆ ನಮ್ಮ ಅವ್ವ ಗೊತ್ತಿರಲಿಲ್ಲ, ಅಷ್ಟೇ. ಓದಲು ಬಾರದಿದ್ದರೂ ಚರ್ಚಿನಲ್ಲಿ ಕೇಳಿದ್ದನ್ನೆಲ್ಲ ಬಾಯಿಪಾಠ ಮಾಡಿದ್ದಳು. ಅಪ್ಪ ಮನೆಯಲ್ಲಿ ಸತ್ಯವೇದ ಓದುವಾಗ ಒಂದು ಶಬ್ದ ತಪ್ಪಿದರೂ ಒಲೆಯ ಮುಂದಿನಿಂದಲೇ ತಿದ್ದುತ್ತಿದ್ದಳು. ಅವಳ ತವರು ಶಿಗ್ಲಿ. ದೀಕ್ಷಾಸ್ನಾನದ ಸುದ್ದಿ ಮುಟ್ಟಿದ ದಿನವೇ ಆ ಮನೆಯ ಬಾಗಿಲು ಅವಳಿಗೆ ಮುಚ್ಚಿತು. ನಾನು ಹುಟ್ಟಿದಾಗ ಬಾಣಂತನಕ್ಕೂ ಕರೆ ಬರಲಿಲ್ಲ.

ನಮ್ಮ ಓಣಿಯಲ್ಲಿ ಸಭೆಗೆ ಸೇರಿದವನೇ ಒಬ್ಬ ಕುಡುಕನಿದ್ದ, ಕುಡಿದು ಕುಡಿದೇ ಸತ್ತ. ಇವನಿಗೆಲ್ಲಿಯ ಪರಲೋಕ ಎಂದು ಬಾವಿಕಟ್ಟೆಯಲ್ಲಿ ಹೆಂಗಸರು ಮಾತಾಡಿಕೊಳ್ಳುತ್ತಿದ್ದಾಗ ಅವ್ವ ಕೊಡ ಕೆಳಗಿಟ್ಟು ಜಗಳಕ್ಕೇ ನಿಂತಳು.

"ಹುಟ್ಟಿದ ಕೂಸು ಕೆಟ್ಟ ಹೋತಂದ್ರ ಹುಟ್ಟೇ ಇಲ್ಲ ಅನ್ನಾಕ ಬರತೈತೇನು? ದೇವರು ಒಮ್ಮೆ ನನ್ನ ಮಗಾ ಅಂದಮ್ಯಾಲ ಆತು. ಹೊರಗ ಹಾಕಾಕ ನೀವ್ಯಾರು?"

ಹೆಂಗಸರು ಮತ್ತೆ ನೀರು ಸೇದತೊಡಗಿದರು. ಒಮ್ಮೆ ಕೊಟ್ಟ ರಕ್ಷಣೆಯನ್ನು ದೇವರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬುದು ಅವಳಿಗೆ ಅಷ್ಟು ಗಟ್ಟಿಯಾಗಿತ್ತು.

ಲಕ್ಷ್ಮೇಶ್ವರದ ಕಡೆ ಸಂಸ್ಥಾನದ ಆಳ್ವಿಕೆ ಮುಗಿದು ಕೆಲವು ವರ್ಷಗಳಾಗಿದ್ದವು. ಒಂದು ದಿನ ಶಿಗ್ಲಿಯಿಂದ ಸೋದರಮಾವನ ಖಬರು ಬಂತು: ಅಜ್ಜಿ ಉಳಿಯುವುದಿಲ್ಲ, ಮಗಳನ್ನು ನೋಡಬೇಕು ಅನ್ನುತ್ತಾಳೆ. ಅವ್ವ ಹಚ್ಚಿದ ಒಲೆಯನ್ನು ಹಾಗೇ ಬಿಟ್ಟು ಎದ್ದಳು. ನಾನಾಗ ಕಾರ್ಖಾನೆಯಲ್ಲಿ ನೂಲು ಸುತ್ತುವ ಕೆಲಸದಲ್ಲಿದ್ದೆ. ರಜೆ ಹಾಕಿ ಜೊತೆಗೆ ಹೋದೆ. ಅಜ್ಜಿಯನ್ನು ನಾನು ಕಂಡಿದ್ದು ಅದೇ ಮೊದಲು.

ಅಜ್ಜಿ ಅವ್ವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ, "ಇಷ್ಟ ವರ್ಷ ನಿನ್ನ ಉಡಿ ತುಂಬಲಿಲ್ಲವ್ವಾ. ಈಗ ತುಂಬತೀನಿ. ಬ್ಯಾಡ ಅನಬ್ಯಾಡ," ಎಂದಳು.

ತವರಿಗೆ ಬಂದ ಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಕುಬಸದ ಖಣ ಹಾಕಿ, ಹಣೆಗೆ ಕುಂಕುಮ ಹಚ್ಚದೆ ಯಾವ ತಾಯಿಯೂ ನಮ್ಮ ಕಡೆ ಕಳಿಸುವುದಿಲ್ಲ. ಆದರೆ ಮಾವನ ಹೆಂಡತಿ ಅತ್ತೆಮ್ಮ ಅಕ್ಕಿಯ ತಟ್ಟೆಯನ್ನು ಮೊದಲು ದೇವರ ಜಗಲಿಯ ಮೇಲಿನ ದೇವಿಯ ಮುಂದಿಟ್ಟು, ಕೈಮುಗಿದು ತಂದಳು. ಅದನ್ನು ಅವ್ವ ಕಣ್ಣಾರೆ ಕಂಡಳು. ವಿಗ್ರಹದ ಮುಂದಿಟ್ಟದ್ದನ್ನು ಮುಟ್ಟಬಾರದು, ಕುಂಕುಮ ಹಚ್ಚಬಾರದು ಎಂಬುದು ಸಭೆಯ ಕಟ್ಟಳೆ. ಅವ್ವ ನನ್ನ ಕಡೆ ಒಮ್ಮೆ ನೋಡಿ, ಸೆರಗು ಒಡ್ಡಿದಳು. ಅಜ್ಜಿ ಹಚ್ಚಿದ ಕುಂಕುಮ ಹುಬ್ಬಿನವರೆಗೂ ಸೊಟ್ಟಗೆ ಹರಡಿತು. ಮರುದಿನ ಬೆಳಿಗ್ಗೆ ಅಜ್ಜಿ ತೀರಿಕೊಂಡಳು.

ಮಣ್ಣು ಮುಗಿಸಿ ಹೊರಟಾಗ ಅವ್ವ ಮುಖ ತೊಳೆದಳು. ಹಣೆಗೆ ಮಾತ್ರ ನೀರು ತಾಗಿಸಲಿಲ್ಲ.

"ಅವ್ವಾ, ಹಣಿ ಒರಸ್ಕೋ," ಎಂದೆ.

"ಒರಸ್ಕೋತೀನಿ. ಮನಿ ಬರಲಿ."

ಲಕ್ಷ್ಮೇಶ್ವರದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಸಂತೆಗೆ ಸೀರೆ ಮಾರಲು ಬಂದಿದ್ದ ನಮ್ಮ ಸಭೆಯ ಹಿರಿಯರೊಬ್ಬರು ಎದುರಾದರು. ಆ ಪುಣ್ಯಾತ್ಮನ ಕಣ್ಣು ಹದ್ದಿನದು. ತಾಯಿ ಸತ್ತಳು ಎಂದು ಅವ್ವ ಹೇಳುತ್ತಿದ್ದರೆ ಅವರು ಹಣೆಯನ್ನೇ ನೋಡುತ್ತಿದ್ದರು. ನಾವು ಬೆಟಗೇರಿ ಮುಟ್ಟಿದ ಮೇಲೆ ಸುದ್ದಿ ಎಲ್ಲರ ಬಾಯಿಗೂ ಬಿತ್ತು.

ಸಭೆಯ ಹಿರಿಯರು ಕೇಳಿದ್ದಕ್ಕೆ ಅವ್ವ ಏನನ್ನೂ ಮುಚ್ಚಿಡಲಿಲ್ಲ. ಉಡಿ ತುಂಬಿಸಿಕೊಂಡೆ, ಅದು ದೇವಿಯ ಮುಂದಿನ ಅಕ್ಕಿ ಎಂಬುದೂ ಗೊತ್ತಿತ್ತು ಎಂದಳು. ಸಭೆಯ ಎದುರು ನಿಂತು ಪಶ್ಚಾತ್ತಾಪ ಹೇಳುವವರೆಗೆ ಅವಳಿಗೆ ಕರ್ತನ ಭೋಜನ ಇಲ್ಲ ಎಂದು ಹಿರಿಯರು ತೀರ್ಮಾನಿಸಿದರು. ಭೋಜನದ ಭಾನುವಾರ ಪ್ರಾರ್ಥನೆ ಮುಗಿದು ರೊಟ್ಟಿ, ದ್ರಾಕ್ಷಾರಸ ಹೊರಗೆ ಬರುವ ಮೊದಲು ಅಂಥವರು ಎದ್ದು ಹೋಗಬೇಕು. ಅವ್ವ ಎದ್ದು, ಸೆರಗು ಹೊದ್ದು, ಎಲ್ಲರ ಎದುರೇ ನಡೆದು ಹೊರಗೆ ಬೇವಿನ ಗಿಡದ ಕೆಳಗೆ ನಿಲ್ಲುತ್ತಿದ್ದಳು. ಅಯ್ಯಯ್ಯೋ, ಆ ನಡಿಗೆಯನ್ನು ನೋಡಬಾರದಿತ್ತು. ನನಗೆ ಕುಳಿತಲ್ಲೇ ಮೈ ಉರಿಯುತ್ತಿತ್ತು.

"ಒಂದ ಮಾತು. ತಪ್ಪಾತು ಅಂದ ಬಿಡು, ಮುಗೀತೈತಿ," ಎಂದು ಅಪ್ಪ ಗೋಗರೆದ.

"ತಪ್ಪಾತು ಅಂತ ಬಾಯಿಲೆ ಅಂತೀನ್ರಿ. ಆದ್ರ ಒಳಗ ಹಂಗ ಅನಸಬೇಕಲ್ಲ? ನಮ್ಮವ್ವ ನಾಳೆ ಎದ್ದ ಬಂದು ಉಡಿ ತುಂಬತೀನಿ ಅಂದ್ರ ನಾ ಮತ್ತ ಸೆರಗ ಒಡ್ಡಾಕಿ. ದೇವರ ಮುಂದ ಸುಳ್ಳ ಹೇಳಲೇನು?"

ನಾನು ಬಿಡಲಿಲ್ಲ. "ಆ ಕುಡುಕನ ಸಲುವಾಗಿ ಬಾವಿಕಟ್ಟಿ ಮ್ಯಾಲ ಅಷ್ಟ ಜಗಳ ಆಡಿದೆಲ್ಲ, ಆ ಮಾತು ನಿನಗ್ಯಾಕ ಇಲ್ಲ?"

"ಅಂವ ಕುಡದು ಅಳತಿದ್ದನವ್ವಾ. ನನಗ ಅಳೂನ ಬರವಲ್ದು. ಮಗಳಾಗಿದ್ರ ಬರತಿತ್ತಲ್ಲ?"

ಇದೇ ಅವಳ ಲೆಕ್ಕ. ತಪ್ಪು ಮಾಡಿದ್ದರಿಂದಲ್ಲ, ಮಾಡಿದ್ದಕ್ಕೆ ಮರುಗಲು ಆಗದ್ದರಿಂದ ತಾನು ದೇವರ ಮಗಳೇ ಅಲ್ಲ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಆದರೂ ಭಾನುವಾರ ತಪ್ಪಿಸಲಿಲ್ಲ. ಮನೆಯಲ್ಲಿ ಪ್ರಾರ್ಥನೆಗೆ ಕುಳಿತಾಗ ನಮ್ಮೆಲ್ಲರ ಹೆಸರು ಹೇಳಿ ಬೇಡುತ್ತಿದ್ದಳು. ತನಗಾಗಿ ಏನೂ ಕೇಳುತ್ತಿರಲಿಲ್ಲ.

ಆಮೇಲೆ ಅವಳ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಇನ್ನೇನೂ ಮಾಡುವಂತಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ದವಾಖಾನೆಯವರು ಹೇಳಿದರು. ಗಂಜಿಯೂ ಇಳಿಯದಾಯಿತು. ಅದು ಕರ್ನಾಟಕ ಒಂದಾದ ದಿನ. ಗದಗದ ಕಡೆಯಿಂದ ಮೆರವಣಿಗೆ ಬಂದು, ಓಣಿ ಓಣಿಯಲ್ಲಿ ಹಲಗೆ ಬಾರಿಸಿ, ಸಿಕ್ಕವರಿಗೆಲ್ಲ ಸಕ್ಕರೆ ಹಂಚಿದರು. ಏನದು ಗದ್ದಲ ಎಂದು ಅವ್ವ ಕೇಳಿದಳು.

"ಕನ್ನಡದವ್ರೆಲ್ಲಾ ಒಂದಾದ್ರು. ಮುಂಬಯಿದವ್ರು, ಮೈಸೂರಿನವ್ರು, ಹೈದರಾಬಾದಿನವ್ರು, ಎಲ್ಲಾರೂ," ಎಂದ ಅಪ್ಪ.

"ಎಲ್ಲಾರೂ ಅಂದ್ರ ಛಲೋ ಆತು," ಎಂದು ಗೋಡೆಯ ಕಡೆ ತಿರುಗಿದಳು.

ಮರುದಿನ ಬೆಳಿಗ್ಗೆ ಅಯ್ಯನವರು ಬಂದರು, ಒಬ್ಬರೇ. ಬಿಳಿ ಬಟ್ಟೆಯಲ್ಲಿ ರೊಟ್ಟಿ, ಸಣ್ಣ ಬಟ್ಟಲು ತಂದಿದ್ದರು. ಹಿರಿಯರನ್ನು ಕೇಳಿ ಬಂದಿರಲಿಲ್ಲ ಎಂಬುದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಅವ್ವನ ಹಾಸಿಗೆಯ ಬದಿಗೆ ನೆಲದ ಮೇಲೇ ಕುಳಿತರು.

"ತಂಗೆವ್ವಾ, ಪಶ್ಚಾತ್ತಾಪದ ಮಾತು ಬಿಡು. ಕೇಳಾಕ ಬಂದಿಲ್ಲ ನಾನು. ದೇವರು ನಿನ್ನ ಕೈ ಹಿಡದಾನ. ಆ ಕೈಯಾಗಿಂದ ನಿನ್ನ ಯಾರೂ ಕಸಗೊಳ್ಳಾಕ ಆಗೂದಿಲ್ಲ. ಸಭಾದವ್ರಿಗೂ ಆಗೂದಿಲ್ಲ, ನಿನಗೂ ಆಗೂದಿಲ್ಲ. ತಗೋ, ತಿನ್ನು."

ಎರಡು ವರ್ಷ ನಾನು ಕಾದಿದ್ದು ಈ ಮಾತಿಗೇ. ಅವ್ವ ಅವರನ್ನು ನೆಟ್ಟಗೆ ನೋಡಿದಳು.

"ನನ್ನ ಕೈ ಬಿಟ್ಟಿಲ್ಲಂದ್ರ ಛಲೋ ಆತ್ರಿ ಅಯ್ಯಾರ. ನಮ್ಮವ್ವನ ಕೈ ಯಾರ ಹಿಡದಾರ್ರಿ?"

ದೀಕ್ಷಾಸ್ನಾನವಿಲ್ಲದೆ ಸತ್ತ ಅಜ್ಜಿಯ ಗತಿಯೇನು ಎಂಬುದೇ ಇಷ್ಟು ದಿನ ಅವಳು ನುಂಗಿಕೊಂಡಿದ್ದ ಮಾತು ಎಂದು ನನಗೆ ಆಗ ತಿಳಿಯಿತು. ಅಯ್ಯನವರು ಸುಳ್ಳು ಹೇಳಲಿಲ್ಲ, ಅದಕ್ಕೆ ಇಂದಿಗೂ ಅವರ ಮೇಲೆ ನನಗೆ ಗೌರವವಿದೆ.

"ನನಗ ಗೊತ್ತಿಲ್ಲವ್ವಾ," ಎಂದರು. ಅವರ ಕಣ್ಣು ತುಂಬಿತ್ತು.

"ಹಂಗಾರ ಪರಲೋಕದ ಒಳಗ ಹೋಗಿ ನಾ ಒಬ್ಬಾಕೀನ ಏನ ಮಾಡ್ಲಿ? ಅಕಿ ಬರೂತನಕ ನಾನೂ ಬಾಗಲದಾಗ ನಿಂದರ್ತೀನ್ರಿ. ತಪ್ಪ ತಿಳಕೋಬ್ಯಾಡ್ರಿ."

ರೊಟ್ಟಿ ಅಯ್ಯನವರ ಕೈಯಲ್ಲೇ ಉಳಿಯಿತು. ಅಪ್ಪ ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿದ್ದ. ಬಂದು ಅವಳ ತಲೆದೆಸೆಯಲ್ಲಿ ಕುಳಿತ. ಹಿರಿಯರ ಮುಂದೆ ಒಂದು ಮಾತೂ ಆಡದ ಮನುಷ್ಯ, ಹೆಂಡತಿಯ ಕಿವಿಗೆ ಬಾಗಿ, ಅಳುತ್ತಲೇ ಹೇಳಿದ:

"ನಿಂದರು. ಹುಚ್ಚಿ, ನೀ ನಿಂದರು. ಕೈ ಬಿಡೂದಿಲ್ಲಂದಾನಲ್ಲ, ನೀ ಬಾಗಲದಾಗ ನಿಂತ್ರ ಅಂವನೂ ನಿನ್ನ ಜೋಡಿ ಅಲ್ಲೇ ನಿಂದರಬೇಕು."

ಅವ್ವ ಕಣ್ಣು ಮುಚ್ಚಿದ್ದಳು. ಕೇಳಿಸಿಕೊಂಡಳೋ ಇಲ್ಲವೋ ನನಗೆ ಗೊತ್ತಿಲ್ಲ. ಸಂಜೆಯ ಹೊತ್ತಿಗೆ ಹೋಗಿಬಿಟ್ಟಳು. ಆ ರೊಟ್ಟಿಗೆ ಬಾಯಿ ಮಾತ್ರ ತೆರೆಯಲಿಲ್ಲ.