ಹಿಂದಿನ ಗಾಜಿನ ಎಡ ಮೂಲೆ

ನಮ್ಮ ಮನೆಯವರು ಮೂವತ್ತೊಂದು ವರ್ಷ ಒಂದೇ ಗ್ಯಾರೇಜಿನಲ್ಲಿ ಟಿಂಕರಿಂಗ್ ಕೆಲಸ ಮಾಡಿದರು. ಕಾರಿನ ಮೈ ಎಲ್ಲಿ ನೆಗ್ಗಿದರೂ, ಎಲ್ಲಿ ತುಕ್ಕು ಹಿಡಿದರೂ ಅವರ ಕೈಗೇ ಬರಬೇಕು. ಅಲ್ಲಿ ಅವರನ್ನು ನಿಧಾನಪ್ಪ ಎಂದು ಕರೆಯುತ್ತಿದ್ದರು. ಬೇರೆಯವರು ಎರಡು ದಿನದಲ್ಲಿ ಮುಗಿಸುವುದಕ್ಕೆ ಇವರಿಗೆ ಒಂದು ವಾರ ಬೇಕು. ಮನೆಯಲ್ಲೂ ಅಷ್ಟೇ. ಚಿಲಕ ಸರಿ ಮಾಡಿ ಎಂದರೆ ಇಡೀ ಬಾಗಿಲು ಬಿಚ್ಚಿ ಗೋಡೆಗೆ ಒರಗಿಸುವರು. ಎರಡು ದಿನ ಬಾಗಿಲಿಲ್ಲದ ಮನೆಯಲ್ಲಿ ಸಂಸಾರ ಮಾಡಿದವಳು ನಾನು.

ಪುಟ್ಟಿ ಮೆತ್ತಿ ತುಕ್ಕು ಮುಚ್ಚುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಗುಳ್ಳೆ ಹೊರಗೆ ಕಾಣುವಷ್ಟರಲ್ಲಿ ಒಳಗೆ ಅರ್ಧ ತಿಂದಿರುತ್ತದೆ ಎನ್ನುತ್ತಿದ್ದರು. ತಮ್ಮ ಮೈಯನ್ನು ಏನು ತಿನ್ನುತ್ತಿದೆ ಎಂದು ಮಾತ್ರ ನೋಡಿಕೊಳ್ಳಲಿಲ್ಲ. ಡಾಕ್ಟರ ಹತ್ತಿರ ಹೋಗಿ ಎಂದರೆ ನಾಳೆ, ನಾಡಿದ್ದು. ಗ್ಯಾರೇಜಿನಲ್ಲೇ ಕುಸಿದರು. ಎರಡು ದಿನ ಆಸ್ಪತ್ರೆ, ಮೂರನೆಯ ದಿನ ಇಲ್ಲ. ಇದಕ್ಕೆ ಮೂರು ತಿಂಗಳಾಯಿತು.

ಅವರು ಹೋದ ದಿನ ಗ್ಯಾರೇಜಿನ ಓನರ್ ನಮ್ಮ ಬಾಗಿಲಲ್ಲಿ ನಿಂತು "ಬಂಗಾರದಂಥ ಕೈ ಹೋಯ್ತು ಅಕ್ಕಾ" ಎಂದು ಕಣ್ಣೊರೆಸಿಕೊಂಡ. ಒರೆಸುವುದಕ್ಕೆ ಅಲ್ಲಿ ಕಣ್ಣೀರಿರಲಿಲ್ಲ, ನಾನು ನೋಡಿದೆ. ನಮ್ಮವರು ಕೆಲಸಕ್ಕೆ ಸೇರಿದಾಗ ಇವನ ಅಪ್ಪ ಓನರ್, ಇವನು ಚಡ್ಡಿಯಲ್ಲಿ ಓಡಾಡುತ್ತಿದ್ದ.

ಹೋದ ವಾರ ಪಕ್ಕದ ಬೀದಿಯ ನರ್ಸಮ್ಮ ಬಂದರು. ಅವರದು ಹಳೆಯ ಬಿಳಿ ಕಾರು. ಹಿಂದಿನ ಗಾಜಿನ ಸುತ್ತ ತುಕ್ಕು ಹಿಡಿದಿತ್ತು. ಅದರ ರಿಪೇರಿಯೇ ನಮ್ಮವರ ಕೊನೆಯ ಕೆಲಸ. ನರ್ಸಮ್ಮ ಒಳಗೆ ಬರಲಿಲ್ಲ, ಕೂರಲಿಲ್ಲ.

"ಸತ್ತವರ ಬಗ್ಗೆ ಆಡಬಾರದು, ಆದ್ರೂ ಹೇಳ್ತೀನಿ. ನಿಮ್ಮ ಯಜಮಾನ್ರು ನಂಗೆ ಮೋಸ ಮಾಡಿದ್ರು. ಬಣ್ಣ ಎಲ್ಲ ಗುಳ್ಳೆ ಎದ್ದಿದೆ. ಮಳೆ ಬಂದ್ರೆ ಹಿಂದಿನ ಸೀಟು ತೊಪ್ಪೆ."

"ಅವರೇ ಮಾಡಿದ್ದು ಅಂತ ಯಾರು ಹೇಳಿದ್ದು?"

"ಓನರ್ರೇ ಹೇಳಿದ್ರು. ಕೈ ನಡುಗ್ತಿತ್ತಂತೆ, ಪುಟ್ಟಿ ಮೆತ್ತಿ ಕೈ ತೊಳ್ಕೊಂಡ್ರಂತೆ. ಹೋದವರನ್ನ ಕೇಳೋಕಾಗುತ್ತಾ ಅಂದ್ರು."

ಕೈ ನಡುಗುತ್ತಿದ್ದದ್ದು ನಿಜ. ಲೋಟ ಹಿಡಿದರೆ ನೀರು ಚೆಲ್ಲುತ್ತಿತ್ತು. ನನ್ನ ಸಂಕಟವೂ ಅದೇ. ತ್ರಾಣವಿಲ್ಲದೆ ಕೊನೆಗೆ ಇವರೂ ಮೆತ್ತಿಬಿಟ್ಟರೇ? ಆ ದಿನ ಒಲೆ ಹಚ್ಚಲಿಲ್ಲ. ಮೂವತ್ತೊಂದು ವರ್ಷ ನನ್ನ ಪ್ರಾಣ ತಿಂದು ಕೊನೆಗೆ ಇದಾ ಎಂದು ಅವರ ಮೇಲೇ ಸಿಟ್ಟು ಬಂತು. ಮಾಡಿದ್ದರೆ ನನಗೆ ಗೊತ್ತಾಗಬೇಕು. ಮಾಡದಿದ್ದರೂ ಗೊತ್ತಾಗಬೇಕು.

ಮರುದಿನ ಬೆಳಿಗ್ಗೆ ನರ್ಸಮ್ಮನ ಕಾರಿನಲ್ಲೇ ಕೂತು ಗ್ಯಾರೇಜಿಗೆ ಹೋದೆ.

"ಹಿಂದಿನ ಗಾಜು ತೆಗೆಸು" ಎಂದೆ ಓನರಿಗೆ.

"ನಿಮಗ್ಯಾಕಕ್ಕಾ ಈ ಉಸಾಬರಿ? ಮನೇಲಿ ಆರಾಮಾಗಿರಿ."

"ಆರಾಮ ನಿನ್ನ ತಲೆ. ತೆಗೆಸು."

"ಒಡೆದು ಹೋದ್ರೆ?"

"ಒಡೀಲಿ. ನನ್ನ ಗಂಡನ ಮಾನಕ್ಕಿಂತ ಗಾಜು ದೊಡ್ಡದಾ?"

"ಅಮ್ಮಾ, ಗಾಜು ನನ್ನದು" ಎಂದರು ನರ್ಸಮ್ಮ.

ವೆಲ್ಡರ್ ಎದ್ದು ಬಂದ. ದಪ್ಪ ಕನ್ನಡಕದವನು, ಎಲ್ಲರ ಬಾಯಲ್ಲೂ ಸೋಡಾಬುಡ್ಡಿ. ನಮ್ಮವರ ಜೊತೆ ಹದಿನೆಂಟು ವರ್ಷ ದುಡಿದವನು. ಓನರನ ಮುಖ ನೋಡಲಿಲ್ಲ. ಸುತ್ತಲಿನ ರಬ್ಬರನ್ನು ಒಳಗಿನಿಂದ ಮೆಲ್ಲಗೆ ಬಿಡಿಸಿ ಗಾಜನ್ನು ಹೊರಕ್ಕೆ ತಳ್ಳಿದ.

ಬಲಗಡೆ ಹೊಸ ತಗಡು. ಕೊಳೆತದ್ದನ್ನೆಲ್ಲ ಕತ್ತರಿಸಿ ತೆಗೆದು, ಅಳತೆಗೆ ಬಡಿದು ಕೂರಿಸಿದ್ದು. ರಬ್ಬರಿನ ಅಡಿ ಯಾರಿಗೂ ಕಾಣದ ಜಾಗ. ಅಲ್ಲೂ ತುಕ್ಕು ತಡೆಯುವ ಕೆಂಪು ಬಣ್ಣ ಬಳಿದಿತ್ತು. ಕೈ ನಡುಗಿದ್ದಕ್ಕೆ ಅಂಚು ಅಂಕುಡೊಂಕು. ಆದರೆ ಸಾಸಿವೆಯಷ್ಟು ಜಾಗವೂ ಬಿಟ್ಟಿರಲಿಲ್ಲ.

ಕೆಳಗಿನ ಅಂಚಿನುದ್ದಕ್ಕೂ ಹಾಗೇ ಬಂದು, ಎಡ ಮೂಲೆಗೆ ಒಂದು ಗೇಣು ಇರುವಾಗ ನಿಂತುಹೋಗಿತ್ತು. ಅಲ್ಲಿಂದಾಚೆ ಪುಟ್ಟಿ. ಸೋಡಾಬುಡ್ಡಿ ಸ್ಕ್ರೂಡ್ರೈವರ್ ಚುಚ್ಚಿದ. ಚಕ್ಕೆ ಚಕ್ಕೆಯಾಗಿ ಉದುರಿತು. ಒಳಗೆ ತೂತು, ತೂತಿನೊಳಗೆ ಉಂಡೆ ಮಾಡಿ ತುರುಕಿದ ಒದ್ದೆ ಪೇಪರ್.

"ಅಣ್ಣ ಕೆಲಸ ಮಾಡ್ತಾ ಈ ಮೂಲೆಗೆ ಬಂದಾಗಲೇ ಕುಸಿದಿದ್ದು ಅಕ್ಕಾ" ಎಂದ. "ನಾನು ಆಸ್ಪತ್ರೆಯಿಂದ ವಾಪಸ್ ಬರೋದ್ರೊಳಗೆ ಇವರು ಪೇಂಟರ್ ಕೈಲಿ ಮುಚ್ಚಿಸಿಬಿಟ್ಟಿದ್ರು."

"ಮೂರು ತಿಂಗಳಿಂದ ಬಾಯಿಗೆ ಏನು ಮೆತ್ಕೊಂಡಿದ್ದೆ? ಪುಟ್ಟಿನಾ?"

ತಲೆ ತಗ್ಗಿಸಿದ. ತಗ್ಗಿಸಲಿ.

ಓನರ್ ಹತ್ತಿರ ಬಂದು ದನಿ ಇಳಿಸಿದ. "ಗಿರಾಕಿ ಉಳಿಸ್ಕೋಬೇಕಲ್ಲ ಅಕ್ಕಾ. ಸತ್ತವರಿಗೆ ಏನು ನಷ್ಟ ಅಂತ..."

"ಸತ್ತವರಿಗೆ ಇಲ್ಲ. ನಾನಿನ್ನೂ ಸತ್ತಿಲ್ಲ. ನಿನ್ನ ಮಾತು ಕೇಳಿ ಒಂದು ದಿನ ಪೂರ್ತಿ ಅವರನ್ನ ಬೈದೆ ನಾನು. ಆ ಬೈಗುಳ ಯಾರು ವಾಪಸ್ ತಗೋತಾರೆ, ನೀನಾ? ಹೇಳು ಇವರೆದುರಿಗೆ. ಮುಚ್ಚಿಸಿದ್ದು ಯಾರು?"

"ನಾವೇ."

"ಕೇಳಿಸ್ಲಿಲ್ಲ."

"ನಾವೇ ಮುಚ್ಚಿಸಿದ್ದು!"

ಪಕ್ಕದ ಕಾರಿನಡಿ ಮಲಗಿದ್ದ ಮೆಕ್ಯಾನಿಕ್ ಕೂಡ ತಲೆ ಹೊರಗೆ ಹಾಕಿ ನೋಡಿದ. ನರ್ಸಮ್ಮ ನನ್ನ ಕೈ ಹಿಡಿಯಲು ಬಂದರು. ಬಿಡಿಸಿಕೊಂಡೆ. ಅವರ ಮೇಲೂ ಸಿಟ್ಟಿತ್ತು, ಈಗಲೂ ಇದೆ.

ಓನರ್ ಕುರ್ಚಿ ಹಾಕಿಸಿದ. ಕೂರಲಿಲ್ಲ. ಸೋಡಾಬುಡ್ಡಿ ಗ್ರೈಂಡರ್ ತಂದು ಎಡ ಮೂಲೆಯ ಕೊಳೆತ ತಗಡನ್ನು ಕತ್ತರಿಸತೊಡಗಿದ. ಒಂದು ಗೇಣು ಹೋಯಿತು. "ಸಾಕಾ ಅಕ್ಕಾ?" ಎಂದ. ಬಗ್ಗಿ ನೋಡಿದೆ. ಕತ್ತರಿಸಿದ ಅಂಚಿನಲ್ಲಿ ಇನ್ನೂ ತುಕ್ಕಿನ ಕಂದು ಬಣ್ಣ ಕಾಣುತ್ತಿತ್ತು.

"ಇನ್ನೂ ಇದೆ" ಎಂದೆ. "ಕತ್ತರಿಸು."